ಜೆರಾಕ್ಸ್ ಅಂಗಡಿಯ ಅಕ್ಕನಿಗೆ, ಬೆಂಗ್ರೆಯವರಿಂದ

ಈ ಸಲ ಮಂಗಳೂರಿನ ಕಡಲ ದಂಡೆಯ ನಮ್ಮ ಬೆಂಗ್ರೆಯ ಮಕ್ಕಳಲ್ಲಿ ಯಾರು ಐಟಿಐ ಸೇರಿದರು, ಯಾರು ಅಪ್ರೆಂಟಿಸ್ ಆಗಿ ಬೈಕಂಪಾಡಿಯ ಕಾರ್ಖಾನೆಗಳಿಗೆ ಹೋಗುತ್ತಿದ್ದಾರೆ ಎಂಬುದು ನಿಮಗೆಲ್ಲ ಗೊತ್ತೇ ಉಂಟು. ಅದನ್ನು ಮತ್ತೆ ಬರೆಯುವುದಿಲ್ಲ. ಸಂಜೆ ಗಣಿತ ಹೇಳಿಕೊಟ್ಟ ಮಾಷ್ಟ್ರು, ಜಾಗ ಬಿಟ್ಟುಕೊಟ್ಟ ಭಜನಾ ಮಂದಿರದವರು ಮತ್ತು ಮದರಸದ ಹಿರಿಯರು, ಸೇಫ್ಟಿ ಶೂ ಕೊಡಿಸಿದ ಬೋಟಿನ ಮಾಲಕರು, ಎಲ್ಲರಿಗೂ ಕೈಮುಗಿದು ವಂದನೆ.

ಜೆರಾಕ್ಸ್ ಅಂಗಡಿಯ ಅಕ್ಕನ ಬಗ್ಗೆ ಮಾತ್ರ ಒಂದು ಸಾಲಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ.

ಪಣಂಬೂರಿನ ಬಂದರು, ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ, ಬೈಕಂಪಾಡಿಯ ಕಾರ್ಖಾನೆಗಳು ನಮಗೆ ದೂರವೇನಲ್ಲ. ಆದರೆ ನಮ್ಮ ಮಕ್ಕಳು ಆ ಗೇಟಿನವರೆಗೆ ತಲುಪುವ ಮೊದಲೇ ಕಾಗದಪತ್ರದಲ್ಲಿ ಸಿಕ್ಕಿಬೀಳುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಹೆಸರು ಮತ್ತು ಇನಿಶಿಯಲ್, ಆಧಾರ್‌ನಲ್ಲಿ ಜೊತೆಗೆ ಸಾಲ್ಯಾನ್, ಪುತ್ರನ್, ಕರ್ಕೇರ ಎಂಬ ಅಡ್ಡಹೆಸರು. ಒಂದರಲ್ಲಿ ಮಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್, ಬ್ಯಾಂಕ್ ಪುಸ್ತಕದಲ್ಲಿ ಮುಹಮ್ಮದ್. ಓದಿದರೆ ಒಬ್ಬನೇ ಹುಡುಗ, ಕಂಪ್ಯೂಟರಿಗೆ ಮೂರು ಜನ.

ಅಕ್ಕ ಇದಕ್ಕೊಂದು ನೋಟ್ ಪುಸ್ತಕ ಇಟ್ಟರು. ಪ್ರತಿ ಮಗುವಿಗೆ ನಾಲ್ಕು ಕಾಲಂ: ಅಂಕಪಟ್ಟಿ, ಆಧಾರ್, ಬ್ಯಾಂಕ್, ಜಾತಿ-ಆದಾಯ ಪ್ರಮಾಣಪತ್ರ. ಅಕ್ಷರ ಅಕ್ಷರವಾಗಿ ನಕಲು ಮಾಡಿ, ವ್ಯತ್ಯಾಸ ಇದ್ದಲ್ಲಿ ಕೆಂಪು ಗೆರೆ. ತಿದ್ದುವುದಕ್ಕೂ ಕ್ರಮ ಉಂಟು. ಅಂಕಪಟ್ಟಿಯನ್ನು ಮುಟ್ಟಬಾರದು, ಬೋರ್ಡಿನಲ್ಲಿ ತಿದ್ದಿಸುವುದು ಬಹಳ ನಿಧಾನ. ಅಂಕಪಟ್ಟಿಯನ್ನೇ ದಾಖಲೆಯಾಗಿ ಕೊಟ್ಟು ಮೊದಲು ಆಧಾರ್ ತಿದ್ದಿಸಬೇಕು. ಹೆಸರನ್ನು ಜೀವಮಾನದಲ್ಲಿ ಎರಡೇ ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಿಸಲು ಬಿಡುತ್ತಾರೆ. ಹಾಗಾಗಿ ಒಪ್ಪಿಗೆಯ ಬಟನ್ ಒತ್ತುವ ಮೊದಲು ಮಗುವಿನಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು. ಆಮೇಲೆ ಬ್ಯಾಂಕ್, ಕೊನೆಗೆ ನಾಡಕಚೇರಿ. ಅರ್ಜಿಯಲ್ಲಿ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಹಾಕಿದ ಕೂಡಲೇ ಹೆಸರು ಅಲ್ಲಿಂದಲೇ ಬರುವುದರಿಂದ ಅದೂ ಹೊಂದಲೇಬೇಕು. ಖಾತೆಯ ವಿಷಯದಲ್ಲಿ ಇನ್ನೊಂದು ತೊಡಕು: ಸ್ಕಾಲರ್‌ಶಿಪ್ ಹೋಗುವುದು ನಾವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಯಾವತ್ತೋ ತೆರೆದು ಮರೆತ ಪುಸ್ತಕದಲ್ಲಿ ಆ ಹಣ ಮಲಗಿರುತ್ತದೆ.

ಅರ್ಜಿ ಹಾಕುವ ಕೊನೆಯ ದಿನಾಂಕದ ಹಿಂದಿನ ರಾತ್ರಿ ಸರ್ವರ್ ನಿಂತು ನಿಂತು ಹೋಗುತ್ತಿತ್ತು. ಹೊರಗೆ ಜಡಿಮಳೆ. ಫೋಟೊ ದೊಡ್ಡದಾಯಿತು ಎಂದು ತಿರಸ್ಕಾರ, ಕುಗ್ಗಿಸಿದರೆ ಮುಖ ಕಾಣುವುದಿಲ್ಲ ಎಂದು ತಿರಸ್ಕಾರ. ಕೆಲವರ ಒಟಿಪಿ ಅಪ್ಪನ ಮೊಬೈಲಿಗೆ ಹೋಗುತ್ತಿತ್ತು. ಹತ್ತು ನಿಮಿಷಕ್ಕೆ ಅದರ ಆಯುಸ್ಸು ಮುಗಿಯುತ್ತದೆ, ಅಪ್ಪಂದಿರ ಫೋನೆಲ್ಲ ನಾಟ್ ರೀಚೆಬಲ್. ಬಾಗಿಲಲ್ಲಿ ನಿಂತಿದ್ದ ಒಬ್ಬ ತಾಯಿ, "ಸಾಕು ಅಕ್ಕಾ, ಇವನೂ ಮೀನು ಇಳಿಸುವ ದಕ್ಕೆಗೇ ಹೋಗಲಿ" ಎಂದರು. ಅದಕ್ಕೆ ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಆ ಮಾತು ಈಗಲೂ ಎದೆ ಸುಡುತ್ತದೆ. ದಕ್ಕೆಯ ಕೆಲಸ ಕೀಳೆಂದಲ್ಲ, ಅದು ನಮ್ಮ ಅನ್ನ. ಆದರೆ ಹದಿನಾರರ ಹುಡುಗನಿಗೆ ಅದೊಂದೇ ದಾರಿ ಆಗಬಾರದು.

ಅಕ್ಕ, "ನೀವು ಮನೆಗೆ ಹೋಗಿ ಮಲಗಿ, ಹುಡುಗ ಇಲ್ಲೇ ಇರಲಿ" ಎಂದಷ್ಟೇ ಹೇಳಿ ಮತ್ತೆ ಪರದೆಗೆ ತಿರುಗಿದರು. ನಡುರಾತ್ರಿ ಕಳೆದ ಮೇಲೆ ಸರ್ವರ್ ಹಗುರಾಯಿತು. ಬೆಳಗಿನ ಬಾಂಗ್ ಕೇಳುವಷ್ಟರಲ್ಲಿ ಒಟಿಪಿಗೆ ಕಾದಿದ್ದವರನ್ನು ಬಿಟ್ಟು ಉಳಿದವರ ಅರ್ಜಿಗಳೆಲ್ಲ ಹೋಗಿದ್ದವು. ಬೆಳಗ್ಗೆ ಅವರನ್ನು ಆಧಾರ್ ಕೇಂದ್ರಕ್ಕೆ ಕರೆದೊಯ್ದು, ಬೆರಳು ಒತ್ತಿಸಿ ಮೊಬೈಲ್ ನಂಬರ್ ಬದಲಿಸಲು ಕೊಟ್ಟದ್ದೂ ಅಕ್ಕನೇ. ಇಬ್ಬರದ್ದು ಸಮಯಕ್ಕೆ ಆಗಲಿಲ್ಲ. ಅವರನ್ನು ನಾವು ಮರೆತಿಲ್ಲ.

ಸೇರಿದ ಮೇಲಿನ ಮೊದಲ ತಿಂಗಳೂ ಅಷ್ಟೇ ಕಷ್ಟ. ದಕ್ಕೆಯಲ್ಲಿ ಅಂದಿನ ಕೂಲಿ ಅಂದೇ ಕೈಗೆ ಬರುತ್ತದೆ. ಕಾರ್ಖಾನೆಯಲ್ಲಿ 1ನೇ ತಾರೀಕು ಸೇರಿದವನಿಗೆ ಹಣ ಮುಂದಿನ ತಿಂಗಳ 7ಕ್ಕೋ 10ಕ್ಕೋ. ಅಲ್ಲಿವರೆಗೆ ಬಸ್ಸಿಗೆ, ಊಟಕ್ಕೆ ಎಂತ ಮಾಡುವುದು? ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಉಂಟಲ್ಲ ಎನ್ನುತ್ತಾರೆ, ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ, ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಬಸ್ಸಿನ ಹಣವನ್ನು ಕೈಸಾಲವಾಗಿ ಕೊಟ್ಟು, ಮೊದಲ ಸಂಬಳ ಬಂದಾಗ ವಾಪಸ್ ಪಡೆದ ಮಹಿಳಾ ಸಂಘದವರಿಗೆ ನಾವು ಋಣಿಗಳು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ ಎಂದು ನಾವು ಕಾಗದದ ಕೆಲಸವನ್ನೆಲ್ಲ ಆ ಬಿಡುವಿಗೆ ಇಟ್ಟುಕೊಂಡು ಬಂದವರು. ಅದು ತಡವಾಗುತ್ತದೆ ಎಂದು ಅಕ್ಕನ ಪುಸ್ತಕ ತೋರಿಸಿದೆ. ಈ ವರ್ಷದಿಂದ ಒಂಬತ್ತನೇ ಕ್ಲಾಸಿನಲ್ಲೇ, ಅಂಕಪಟ್ಟಿ ಅಚ್ಚಾಗುವ ಮೊದಲು, ಶಾಲೆಯ ದಾಖಲೆಯ ಹೆಸರನ್ನೂ ಆಧಾರನ್ನೂ ಹೊಂದಿಸಿ ನೋಡುತ್ತೇವೆ. ಅಕ್ಕನ ಜೊತೆ ಕೂರಲು ಟೈಪಿಂಗ್ ಬಲ್ಲ ಇಬ್ಬರು ಬೇಕು. ಬರುವವರು ಭಾನುವಾರ ಸಂಜೆ ಅಂಗಡಿಗೇ ಬನ್ನಿ.