ಸರ್ಪಸುತ್ತಿಗೂ ಹಾವಿಗೂ ಸಂಬಂಧ ಇಲ್ಲ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕಡೆ ಈಗ್ಲೂ ಯಾರಿಗಾದ್ರೂ ಸರ್ಪಸುತ್ತು ಆದ್ರೆ ಮೊದಲು ಹೋಗೋದು ಕೆಮ್ಮಣ್ಣು ಹಚ್ಚಿ ಮಂತ್ರ ಹಾಕೋರ ಹತ್ರ, ನಾಗದೋಷ ಅಂತ ಪೂಜೆ ಬೇರೆ, ಗುಳ್ಳೆ ಸಾಲು ಮೈ ಸುತ್ತಿ ಅದರ ತಲೆ ಬಾಲ ಕೂಡಿದ್ರೆ ಜೀವಾನೇ ಹೋಗುತ್ತೆ ಅಂತ ಮನೆಯೋರೆಲ್ಲ ಹೆದರ್ಕೊಂಡು ಕೂತಿರ್ತಾರೆ, ಅಷ್ಟರಲ್ಲಿ ಮಾತ್ರೆ ಶುರು ಮಾಡ್ಬೇಕಾದ ಹೊತ್ತೇ ಮೀರಿಹೋಗಿರುತ್ತೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಇದು ಚಿಕ್ಕಂದಿನಲ್ಲಿ ಬಂದುಹೋದ ಚಿಕನ್ ಪಾಕ್ಸಿನ ವೈರಸ್ಸೇ. ಗುಳ್ಳೆ ಒಣಗಿದ್ರೂ ಅದು ಬೆನ್ನುಮೂಳೆ ಪಕ್ಕದ ನರದ ಗಂಟುಗಳಲ್ಲಿ ಜೀವಮಾನ ಪೂರ್ತಿ ಉಳ್ಕೊಂಡಿರುತ್ತೆ, ಅಲ್ಲಿ ತನ್ನ ಪ್ರೋಟೀನನ್ನ ಹೆಚ್ಚುಕಮ್ಮಿ ತಯಾರಿಸೋದೇ ಇಲ್ಲ, ಹಾಗಾಗಿ ರೋಗನಿರೋಧಕ ಕಣಗಳ ಕಣ್ಣಿಗೆ ಬೀಳಲ್ಲ. ಎದ್ದಾಗ ಮಾತ್ರ ಸಿಕ್ಕಿಬೀಳುತ್ತೆ. ಸೋಂಕಾದ ಜೀವಕೋಶ ವೈರಸ್ಸಿನ ಪ್ರೋಟೀನನ್ನ ತುಂಡುಮಾಡಿ, ಎಚ್ಎಲ್ಎ ಅನ್ನೋ ಅಣುಗಳಲ್ಲಿ ಇಟ್ಟು ತನ್ನ ಹೊರಮೈ ಮೇಲೆ ತೋರಿಸುತ್ತೆ, ಹಿಂದೆ ಇದೇ ವೈರಸ್ಸನ್ನ ಕಂಡಿದ್ದ ಟಿ ಸೆಲ್ಲು ಅನ್ನೋ ರೋಗನಿರೋಧಕ ಕಣಗಳು ಆ ತುಂಡನ್ನ ಗುರುತು ಹಿಡಿದು ಮೇಲೆ ಬೀಳ್ತವೆ. ರಕ್ತದಲ್ಲಿ ಆ್ಯಂಟಿಬಾಡಿ ಇದ್ರೆ ಸಾಕು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಆದ್ರೆ ವಯಸ್ಸಾದೋರಲ್ಲಿ ಆ್ಯಂಟಿಬಾಡಿ ಚೆನ್ನಾಗೇ ಇದ್ರೂ ಸರ್ಪಸುತ್ತು ಬರುತ್ತೆ, ಯಾಕಂದ್ರೆ ಈ ವೈರಸ್ಸನ್ನ ಹದ್ದುಬಸ್ತಿನಲ್ಲಿ ಇಡೋದು ಮುಖ್ಯವಾಗಿ ಟಿ ಸೆಲ್ಲು, ಐವತ್ತು ದಾಟಿದ್ಮೇಲೆ ಸೊರಗೋದೂ ಅದೇ. ಕೀಮೋ ತಗೊಳ್ಳೋರಿಗೆ, ಕಿಡ್ನಿ ಕಸಿ ಆದೋರಿಗೆ, ಎಚ್ಐವಿ ಇರೋರಿಗೆ ಅಪಾಯ ಇನ್ನೂ ಜಾಸ್ತಿ.

ಇಂಗ್ಲೆಂಡಿನ ಸೈರನ್‌ಸೆಸ್ಟರ್ ಅನ್ನೋ ಸಣ್ಣ ಊರಲ್ಲಿ ಪ್ರಾಕ್ಟೀಸ್ ಮಾಡ್ತಿದ್ದ ಡಾ. ಹೋಪ್-ಸಿಂಪ್ಸನ್ ತಮ್ಮ ಪೇಷಂಟ್‌ಗಳನ್ನೇ ವರ್ಷಗಟ್ಲೆ ಗಮನಿಸಿ, ಇದು ಒಳಗೇ ಇದ್ದ ವೈರಸ್ಸು, ನಿರೋಧಕ ಶಕ್ತಿ ತಗ್ಗಿದಾಗ ಏಳುತ್ತೆ ಅಂತ 1965ರಲ್ಲೇ ಬರೆದಿದ್ರು. ಗುಳ್ಳೆ ಒಂದು ನರದ ದಾರಿ ಹಿಡಿದು ಮೈಯ ಒಂದೇ ಪಕ್ಕಕ್ಕೆ ಏಳೋದ್ರಿಂದ ಸಾಮಾನ್ಯವಾಗಿ ಮೈಯ ಮಧ್ಯದ ಗೆರೆ ದಾಟದೆ ಅಲ್ಲೇ ನಿಂತುಬಿಡುತ್ತೆ, ಇನ್ನು ತಲೆ ಬಾಲ ಕೂಡೋ ಮಾತೆಲ್ಲಿ?

ಗುಳ್ಳೆ ಕಂಡ 72 ಗಂಟೆ ಒಳಗೆ ಅಸೈಕ್ಲೋವಿರ್ ಥರದ ವೈರಸ್ ತಡೆಯೋ ಮಾತ್ರೆ ಶುರುವಾದ್ರೆ ಒಳ್ಳೇದು. ಗುಳ್ಳೆ ಹೋದ್ಮೇಲೂ ಕೆಲವರಿಗೆ ತಿಂಗಳುಗಟ್ಲೆ, ವರ್ಷಗಟ್ಲೆ ನರದ ಉರಿ ಉಳಿಯುತ್ತೆ, ಬಟ್ಟೆ ತಾಗಿದ್ರೂ ತಡ್ಕೊಳ್ಳಕ್ಕಾಗಲ್ಲ. ಐವತ್ತು ದಾಟಿದೋರಿಗೆ ಎರಡು ಡೋಸಿನ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗ್ತಿದೆ, ವೈರಸ್ಸಿನ ಒಂದೇ ಒಂದು ಪ್ರೋಟೀನನ್ನ ತೋರಿಸಿ ಟಿ ಸೆಲ್ಲುಗಳನ್ನ ಮತ್ತೆ ಬಲಪಡಿಸೋ ಲಸಿಕೆ ಅದು, ಆದ್ರೆ ಬೆಲೆ ಕೂಲಿ ಮಾಡೋರ ಕೈಗೆ ಎಟುಕೋ ಹಾಗಿಲ್ಲ, ಸರ್ಕಾರ ಇದನ್ನ ಯೋಚನೆ ಮಾಡ್ಲೇಬೇಕು.

ನಿಮ್ಮ ಆರೋಗ್ಯ ಪುಟದಲ್ಲಿ ಇದನ್ನ ದೊಡ್ಡ ಅಕ್ಷರದಲ್ಲೇ ಹಾಕಿ. ಮುಖ್ಯವಾಗಿ ಹಣೆ ಮೇಲೆ, ಕಣ್ಣಿನ ಸುತ್ತ ಎದ್ರೆ ದೃಷ್ಟಿಗೇ ಅಪಾಯ, ಅವತ್ತೇ ಡಾಕ್ಟರ್ ಹತ್ರ ಹೋಗ್ಬೇಕು ಅನ್ನೋದನ್ನ ಮರೀದೆ ಬರೀರಿ.

ಇಂತಿ,
ನಿಮ್ಮ ಓದುಗ, ತೀರ್ಥಹಳ್ಳಿ