ಹೆಕ್ಕಿದ ಕಸದ ಮೂಟೆ ಒಯ್ಯುವವರು ಯಾರು?

ಮಾನ್ಯ ಸಂಪಾದಕರೇ,

ಕುಶಾಲನಗರದಲ್ಲಿ ಕಾವೇರಿ ಹೊಳೆಗೆ ಹತ್ತಿರದಲ್ಲೇ ನನ್ನ ಹೊಲಿಗೆ ಅಂಗಡಿ. 2018ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಬಡಾವಣೆಗಳಿಗೆ ನುಗ್ಗಿತು. ಮರುವರ್ಷವೂ ಹಾಗೇ ಆಯಿತು. ನೀರು ಇಳಿದಾಗ ದಡದ ಬಿದಿರು ಮೆಳೆಗಳಲ್ಲಿ ಆಳೆತ್ತರಕ್ಕೂ ಮೇಲೆ ಪ್ಲಾಸ್ಟಿಕ್ ನೇತಾಡುತ್ತಿತ್ತು. ಕಾಲೇಜು ಹುಡುಗರು, ಆಟೋದವರು, ನಮ್ಮಂಥ ಹೆಂಗಸರು ಎಲ್ಲ ಸೇರಿ ತೆಗೆಯಲು ಇಳಿದೆವು. ಜಾಸ್ತಿ ಜನ ಬಂದದ್ದು ಚಪ್ಪಲಿಯಲ್ಲೇ. ನೆರೆಯ ಕೆಸರಿನಿಂದ ಇಲಿಜ್ವರ ಬರುತ್ತದೆ, ಗಮ್ ಬೂಟು, ದಪ್ಪ ಕೈಗವಸು ಬೇಕೇ ಬೇಕು. ಕಾಲಲ್ಲಿ ಗಾಯ ಇದ್ದವರನ್ನಂತೂ ಇಳಿಸಲೇಬಾರದು.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಬಟ್ಟೆ. ಕೆಸರು ಕುಡಿದ ಸೀರೆ ಬಿದಿರಿನ ಮುಳ್ಳಿಗೆ ಸುತ್ತಿಕೊಂಡರೆ ಇಬ್ಬರು ಎಳೆದರೂ ಬರುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು. ಮನೆಗಳಿಂದ ಕೊಚ್ಚಿ ಬಂದದ್ದರ ಜೊತೆಗೆ, ಪರಿಹಾರ ಅಂತ ಬಂದು ಯಾರೂ ಉಡದ ಹಳೇ ಬಟ್ಟೆಯೂ ದಾರಿ ಬದಿಯಲ್ಲಿ ರಾಶಿ ಬಿದ್ದಿತ್ತು. ಕೊಡಗಿಗೆ ಆಗ ಎಲ್ಲೆಲ್ಲಿಂದಲೋ ನೆರವು ಬಂತು, ಆ ಋಣ ಮರೆಯುವವರಲ್ಲ ನಾವು. ಆದರೆ ದಯವಿಟ್ಟು ಹರಿದ ಬಟ್ಟೆ, ಅರ್ಧ ಲೀಟರಿನ ನೀರಿನ ಬಾಟಲಿ ಕಳಿಸಬೇಡಿ. 20 ಲೀಟರಿನ ಕ್ಯಾನ್ ಆದರೆ ಮತ್ತೆ ಮತ್ತೆ ತುಂಬಿಸಬಹುದು.

ನನ್ನ ಮುಖ್ಯ ಸಂಕಟ ಮೂಟೆಗಳದ್ದು. ಸಂಜೆ ಹೊತ್ತಿಗೆ ದಡದಲ್ಲಿ ಮೂಟೆಗಳ ಸಾಲು. ಆಮೇಲೆ? ಬಾಟಲಿ, ಕಬ್ಬಿಣ ಗುಜರಿಯವರು ಒಯ್ಯುತ್ತಾರೆ. ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆ, ಗುಟ್ಕಾ ಚೀಟಿ ಅವರಿಗೂ ಬೇಡ. ಪ್ಲಾಸ್ಟಿಕ್ಕಿಗೆ ಬೇರೆ ಬೇರೆ ಪದರ ಅಂಟಿಸಿರುತ್ತಾರೆ, ಬಿಡಿಸಲು ಆಗುವುದಿಲ್ಲ. ಒಂದು ಸಲ ವಾಹನ ಕೇಳಿದ್ದಕ್ಕೆ ನಾಳೆ, ನಾಡಿದ್ದು ಎನ್ನುತ್ತಲೇ ಮತ್ತೆ ಮಳೆ ಹಿಡಿಯಿತು. ನಾಯಿ ಎಳೆದು ಮೂಟೆ ಒಡೆದವು. ನಾವು ಹೆಕ್ಕಿದ್ದೇ ತಿರುಗಿ ಹೊಳೆಗೆ ಹೋಯಿತು. ಇಲ್ಲಿಂದ ಹೋದದ್ದು ಸೇರುವುದು ಕೆಆರ್‌ಎಸ್‌ಗೆ. ಮೈಸೂರು, ಬೆಂಗಳೂರಿನವರು ಕುಡಿಯುವುದೂ ಇದೇ ಹೊಳೆಯ ನೀರು ಅಲ್ವಾ?

ಪೊಟ್ಟಣದಲ್ಲಿ ಸರಕು ಮಾರುವ ಕಂಪನಿಗಳೇ ಆ ಕಸ ವಾಪಸ್ ಪಡೆಯಲು ವ್ಯವಸ್ಥೆ ಮಾಡಬೇಕು ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲೇ ಇದೆ. ಹಾಗಿದ್ದರೆ ಲಾರಿ ಬಾಡಿಗೆ ಅವರಿಂದಲೇ ವಸೂಲಿ ಮಾಡಲಿ. ಲಾರಿ ಬರುವ ದಿನ ಖಚಿತವಾದ ಮೇಲೆಯೇ ಶ್ರಮದಾನದ ದಿನ ಇಡಲಿ. ನೆರೆ ಬಂದಾಗ ಮಾತ್ರ ಯಾಕೆ, ಬೇಸಿಗೆಯಲ್ಲಿ ಹೊಳೆ ಸೊರಗಿ ಬಂಡೆ ಕಾಣುವಾಗ ಇಳಿದರೆ ಮರಳಲ್ಲಿ ಹೂತದ್ದೂ ಸಿಗುತ್ತದೆ. ಯಾರು ಕರೆದರೂ ನಾನು ಬರುತ್ತೇನೆ. ಲಾರಿ ಯಾವಾಗ ಬರುತ್ತದೆ ಎಂದು ಮಾತ್ರ ಮೊದಲೇ ಹೇಳಿ.

– ಒಬ್ಬ ಟೈಲರ್, ಕುಶಾಲನಗರ