ಅಮ್ಮಂದಿರ ದಿನ, ಬೆಟ್ಟದ ತುದಿಯಲ್ಲಿ

ಪೋರ್ಟ್‌ಲ್ಯಾಂಡ್, ಅಮೆರಿಕ
ಮೇ ತಿಂಗಳು

ಅಮ್ಮನಿಗೆ, ಅಪ್ಪಯ್ಯನಿಗೆ ನಮಸ್ಕಾರಗಳು.

ನಾನು ಕಳಿಸಿದ ಬೆಟ್ಟದ ಫೋಟೋ ನೋಡಿ ನೀನು "ಅದು ನನ್ನ ಹಳದಿ ಸೀರೆ ಅಲ್ವಾ?" ಅಂತ ಕೇಳಿದೆ, ಅಷ್ಟರಲ್ಲಿ ಫೋನ್ ಕಟ್ಟಾಯಿತು. ತೀರ್ಥಹಳ್ಳಿಯಲ್ಲಿ ಆಗಲೇ ಮಳೆ ಶುರುವಾಯಿತು ಅಂತ ಕಾಣುತ್ತದೆ. ಹೌದಮ್ಮ, ಅದೇ ಸೀರೆ.

ಇಲ್ಲಿಗೆ ಹತ್ತಿರದಲ್ಲಿ ಸೇಂಟ್ ಹೆಲೆನ್ಸ್ ಅಂತ ಒಂದು ಅಗ್ನಿಪರ್ವತ ಇದೆ. 1980ರ ಮೇ 18ರಂದು ಸಿಡಿದು, ತುದಿಯ ಸುಮಾರು 400 ಮೀಟರ್ ಹಾರಿಹೋಯಿತು. 57 ಜನ ಸತ್ತರು. ಈಗ ಉಳಿದಿರುವುದು 2,549 ಮೀಟರ್. ಮೇ ಎರಡನೇ ಭಾನುವಾರ ಇಲ್ಲಿ ಅಮ್ಮಂದಿರ ದಿನ. ಅವತ್ತು ಈ ಬೆಟ್ಟ ಹತ್ತುವವರು ಫ್ರಾಕ್ ಹಾಕಿಕೊಂಡು ಹತ್ತುವ ರೂಢಿ ಇದೆ. ಗಡ್ಡ ಬಿಟ್ಟ ಗಂಡಸರೂ ಹೂವಿನ ಫ್ರಾಕಿನಲ್ಲಿ! ಗೆಳತಿ ಕೆಂಪು ಫ್ರಾಕ್ ಹಾಕಿದಳು. ನಾನು ಪ್ಯಾಂಟಿನ ಮೇಲೆ ನಿನ್ನ ಸೀರೆ ಉಟ್ಟು, ನಮ್ಮಲ್ಲಿ ನಾಟಿಗೆ ಇಳಿಯುವಾಗ ಎತ್ತಿ ಕಟ್ಟುತ್ತಾರಲ್ಲ, ಹಾಗೇ ಕಟ್ಟಿದೆ.

ಬೆಳಗಿನ ಜಾವ ತಲೆಗೆ ಲೈಟು ಕಟ್ಟಿಕೊಂಡು ಹೊರಟೆವು. ಕೆಳಗೆ ಕಾಡಿನ ದಾರಿಯಲ್ಲಿ ಹಿಮ ಕರಗಿತ್ತು. ಅಲ್ಲಿ ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಹಲಗೆ, ಬೆನ್ನಿಗೆ ಕಟ್ಟಿ ನಡೆಯಬೇಕು. ಕಾರು ನಿಲ್ಲಿಸಿದಲ್ಲಿಂದ ತುದಿಗೆ ಏರು ಸುಮಾರು 1,700 ಮೀಟರ್. ನಮ್ಮ ಕೊಡಚಾದ್ರಿಯ ಪೂರ್ತಿ ಎತ್ತರವೇ 1,343. ಅಲ್ಲಿಗೆ ಜೀಪಿನಲ್ಲಿ ಹೋಗಿ ಬಂದೇ ಅಪ್ಪಯ್ಯ ಸೊಂಟ ಹಿಡಿದುಕೊಂಡು ಓಡಾಡಿದ್ದು ನೆನಪಿದೆಯಾ? (ಇದನ್ನು ಅವರಿಗೆ ಓದಿ ಹೇಳಬೇಡ.)

ಜಾರುವ ಹಲಗೆ ಕಟ್ಟಿಕೊಂಡು ಮೇಲಕ್ಕೆ ಹತ್ತುವುದು ಹೇಗೆ ಅಂತ ಅಪ್ಪಯ್ಯ ಕೇಳಿದ್ದರು. ಸ್ಕೀಯ ಅಡಿಗೆ ಒಂದು ಉದ್ದ ಪಟ್ಟಿ ಅಂಟಿಸುತ್ತೇವೆ, ಸ್ಕಿನ್ ಅನ್ನುತ್ತಾರೆ. ಅದರ ಕೂದಲು ದನದ ಮೈಯ ಹಾಗೆ. ಒಂದು ಕಡೆಗೆ ನಯ, ಉಲ್ಟಾ ಸವರಿದರೆ ತಡೆಯುತ್ತದೆ. ಅದಕ್ಕೇ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹತ್ತುವಾಗ ಹಿಮ್ಮಡಿ ಎತ್ತಲು ಬರುತ್ತದೆ. ಮೇಲೆ ಹೋದ ಮೇಲೆ ಪಟ್ಟಿ ಕಿತ್ತು, ಹಿಮ್ಮಡಿ ಲಾಕ್ ಮಾಡಿ ಇಳಿಯುವುದು.

ನಿನಗೆ ಭಯ ಅಂತ ಗೊತ್ತು. ಹಿಮ ಕರಗುವ ಈ ಕಾಲದಲ್ಲಿ ಎಲ್ಲಾ ಇರುವುದು ಹೊತ್ತು ನೋಡುವುದರಲ್ಲಿ. ರಾತ್ರಿ ಹಿಮ ಕಲ್ಲಾಗಿರುತ್ತದೆ. ಬಿಸಿಲು ಬಿದ್ದ ಮೇಲೆ ಮೇಲಿನ ಒಂದೆರಡು ಬೆರಳಷ್ಟು ಕಾಳುಕಾಳಾಗಿ ಮೆತ್ತಗಾಗುತ್ತದೆ. ಆಗಲೇ ಇಳಿಯಬೇಕು. ಬೇಗ ಇಳಿದರೆ ಕಾಲು ನಿಲ್ಲುವುದಿಲ್ಲ. ತಡವಾದರೆ ಮೊಣಕಾಲುದ್ದ ರಾಡಿ, ಒದ್ದೆ ಹಿಮ ರಾಶಿರಾಶಿ ಜಾರಿ ಬರುವ ಅಪಾಯ ಬೇರೆ. ಅದಕ್ಕೇ ತುದಿಯಲ್ಲಿ ಗೆಳತಿ ಆಗಾಗ ಕೋಲಿನಿಂದ ಹಿಮ ಚುಚ್ಚಿ ನೋಡುತ್ತಾ ಕೂತಳು. ನಾನು ನೀನು ಕಳಿಸಿದ ಹಲಸಿನಕಾಯಿ ಚಿಪ್ಸ್ ತಿನ್ನುತ್ತಾ ಕೂತೆ.

ತುದಿ ಅಂದರೆ ಚೂಪಾಗಿಲ್ಲ. ಸಿಡಿದು ಆದ ದೊಡ್ಡ ಬಾಯಿಯ ಅಂಚು ಅದು. ಆ ಅಂಚಿನಲ್ಲಿ ಹಿಮ ಆಚೆಗೆ ಚಾಚಿಕೊಂಡಿರುತ್ತದೆ. ನೋಡಲು ನೆಲ, ಅಡಿಯಲ್ಲಿ ಏನೂ ಇಲ್ಲ. ಅದರ ಮೇಲೆ ನಿಂತು ಸತ್ತವರಿದ್ದಾರೆ. ನಾವು ದೂರದಲ್ಲೇ ನಿಂತೆವು, ಆಣೆ. ಅಲ್ಲಿಂದಲೇ ರೇನಿಯರ್ ಪರ್ವತ ಬೆಳ್ಳಗೆ ಕಾಣುತ್ತಿತ್ತು.

ಇಳಿಯುವಾಗ ಸೀರೆ ಬಿಚ್ಚಿ ಬ್ಯಾಗಿಗೆ ಹಾಕಿದೆ. ಸೆರಗು ಸ್ಕೀಗೆ ಸಿಕ್ಕಿದರೆ ಕಥೆ ಮುಗಿಯಿತು. ಆ ಇಳಿತ ಮಾತ್ರ ಹೇಳಲು ಬರುವುದಿಲ್ಲ ಅಮ್ಮ. ಅರ್ಧ ದಿನ ಹತ್ತಿದ್ದನ್ನು ಒಂದು ಗಂಟೆಯೊಳಗೆ ಇಳಿದೆವು, ದಾರಿಯುದ್ದಕ್ಕೂ ಸುಮ್ನೆ ಕಿರುಚಿಕೊಂಡು.

ತೋಟಕ್ಕೆ ಮದ್ದು ಹೊಡೆಯಲು ಈ ವರ್ಷ ಜನ ಸಿಕ್ಕರಾ? ಚಿಪ್ಸ್ ಖಾಲಿ. ಈ ಸಲ ಜಾಸ್ತಿ ಕಳಿಸು, ಗೆಳತಿಗೂ ಬೇಕಂತೆ.

ನಿನ್ನ
ಸುಮ